ಯಾರೂ ಓಡದ ದೊಡ್ಡಿ

ಮೊನ್ನೆ ಹೊಳಲ್ಕೆರೆಯಲ್ಲಿ ಬಸ್ಸು ತಪ್ಪಿಸಿಕೊಂಡೆ. ತಪ್ಪಿಸಿಕೊಂಡೆ ಅನ್ನುವುದು ಪೂರ್ತಿ ನಿಜವಲ್ಲ. ಬಸ್ಸು ನನ್ನ ಕಣ್ಣೆದುರಿಗೇ ಇತ್ತು, ಕಂಡಕ್ಟರು ಕೈಬೀಸಿ ಕರೆದ, ಒಳಗಿದ್ದವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ‘ಓಡ್ ಬರ್ರಿ ಯಜಮಾನ್ರೇ’ ಎಂದು ಹುರಿದುಂಬಿಸಿದರು. ನಾನು ನಡೆದೆ. ಬಿರುಸಾಗಿ, ತೋಳು ಬೀಸಿಕೊಂಡು, ಎದೆ ಮುಂದೆ ಮಾಡಿ ನಡೆದೆ. ಬಸ್ಸು ಹೊರಟೇ ಹೋಯಿತು. ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದ ಹೆಂಗಸು, ಕಾಲಿಗೆ ಏನಾಗೈತೆ ಎಂದು ಕನಿಕರದಿಂದ ಕೇಳಿದಳು. ಏನೂ ಆಗಿಲ್ಲ, ನಮ್ಮ ಮನೆಯಲ್ಲಿ ಓಡುವ ರೂಢಿ ಇರಲಿಲ್ಲ ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದು ಹಿಡಿ ಕಡಲೆಕಾಯಿ ಬಿಟ್ಟಿ ಕೊಟ್ಟಳು. ಈ ವಯಸ್ಸಿನಲ್ಲಿ ನಿಜ ಹೇಳಿದರೂ ಸಿಗುವುದು ಕಡಲೆಕಾಯಿಯೇ.

ನಿಮಗಾದರೂ ಪೂರ್ತಿ ಹೇಳಿಬಿಡುತ್ತೇನೆ. ಮುಂದಿನ ಬಸ್ಸಿಗೆ ಹೇಗಿದ್ದರೂ ಹೊತ್ತಿದೆ.

ಜವನಗೊಂಡನಹಳ್ಳಿಗೂ ಯಲ್ಲದಕೆರೆಗೂ ನಡುವೆ ನಮ್ಮದೊಂದು ಕುದುರೆ ದೊಡ್ಡಿ ಇತ್ತು. ಸುತ್ತ ಕಳ್ಳಿಬೇಲಿ, ನಡುವೆ ಹುಲ್ಲಿನ ಬಯಲು, ಒಂದು ಬಾವಿ, ಒಂದು ಸಾಲು ಲಾಯ, ಲಾಯಕ್ಕೆ ಅಂಟಿಕೊಂಡೇ ನಮ್ಮ ಮನೆ. ಲಾಯ ಮೊದಲು ಕಟ್ಟಿದ್ದರಿಂದ ಅದರ ಗೋಡೆ ಗಟ್ಟಿಯಾಗಿತ್ತು, ಸೋರುತ್ತಿದ್ದುದು ಮನೆ. ಸುತ್ತಲಿನವರು ಎತ್ತು ಸಾಕಿದರು, ಕುರಿ ಸಾಕಿದರು, ನಾವು ಗಾಡಿಯ ಕುದುರೆ ಸಾಕಿದೆವು. ಅದರಲ್ಲೂ ಬರೀ ಗಾಡಿ ಎಳೆಯುವ ಕುದುರೆಯಲ್ಲ, ದುಡಕಿಯ ಕುದುರೆ. ಮುಂದಿನ ಬಲಗಾಲು ಎದ್ದಾಗ ಹಿಂದಿನ ಎಡಗಾಲು ಏಳಬೇಕು, ಎರಡೂ ಒಟ್ಟಿಗೆ ನೆಲ ಮುಟ್ಟಬೇಕು. ಅದೇ ದುಡಕಿ. ಎಷ್ಟೇ ವೇಗವಾಗಲಿ, ಲೆಕ್ಕ ತಪ್ಪಿ ನಾಗಾಲೋಟಕ್ಕೆ ಬಿದ್ದರೆ ಆ ಕುದುರೆ ನಮ್ಮ ಪಾಲಿಗೆ ಕೆಟ್ಟಿತು. ನಮ್ಮ ತಾತ ಕಣ್ಣುಮುಚ್ಚಿ ಜಗಲಿಯ ಮೇಲೆ ಕೂತು, ರಸ್ತೆಯಲ್ಲಿ ಹೋಗುವ ಗೊರಸಿನ ಸದ್ದು ಕೇಳಿಯೇ ಕುದುರೆ ಎಂಥದೆಂದು ಹೇಳುತ್ತಿದ್ದರಂತೆ. ನನಗೆ ನೆನಪಿರುವುದು ಅವರು ಕಣ್ಣುಮುಚ್ಚಿ ಗೊರಕೆ ಹೊಡೆಯುತ್ತಿದ್ದುದು.

ಈ ಹುಚ್ಚು ಅವರಿಗೆ ಹತ್ತಿದ್ದು ಮಾರಿಕಣಿವೆಯಲ್ಲಿ. ಅಲ್ಲಿ ಹೊಳೆಗೆ ಕಟ್ಟೆ ಕಟ್ಟುವ ಕೆಲಸ ನಡೆದಷ್ಟು ಕಾಲವೂ ತಾತ ಅಲ್ಲಿಗೆ ಹುರುಳಿ, ಹುಲ್ಲು, ಬಾಡಿಗೆ ಗಾಡಿ ಒದಗಿಸುತ್ತಿದ್ದರು. ಅಲ್ಲೊಬ್ಬ ಬಿಳಿ ದೊರೆ ಇದ್ದ. ಅವನಿಗೆ ಎರಡು ಚಕ್ರದ ಹಗುರವಾದ ಗಾಡಿ, ಅದಕ್ಕೊಂದು ಕಪ್ಪು ಗಂಡುಕುದುರೆ. ಅವನು ಬೆಳಿಗ್ಗೆ ಕೆಲಸ ನೋಡಲು ಬರುವಾಗ ಆ ಕುದುರೆ ದುಡಕಿಯಲ್ಲೇ ನಮ್ಮ ಕಡೆಯ ನಾಗಾಲೋಟದ ತಟ್ಟುಗಳನ್ನು ಹಿಂದೆ ಹಾಕುತ್ತಿತ್ತಂತೆ. ಗಾಡಿಯ ಹಲಗೆಯ ಮೇಲಿಟ್ಟ ಚಹದ ಬಟ್ಟಲು ಕದಲುತ್ತಿರಲಿಲ್ಲವಂತೆ. ತಾತ ಊಟ ಬಿಟ್ಟು ಅದನ್ನು ನೋಡಲು ನಿಲ್ಲುತ್ತಿದ್ದರು. ಕೆಲಸ ಮುಗಿದು ದೊರೆ ತನ್ನ ದೇಶಕ್ಕೆ ಹೊರಟಾಗ, ಇಷ್ಟು ದಿನ ನೋಡಿದವನೇ ಇಟ್ಟುಕೊಳ್ಳಲಿ ಎಂದು ಕುದುರೆಯನ್ನು ತಾತನಿಗೇ ಬಿಟ್ಟುಹೋದ. ಅದರ ಹೆಸರು ನಮ್ಮ ನಾಲಿಗೆಗೆ ಹೊರಳದೆ ‘ಕರಿಯ’ ಆಯಿತು. ನಮ್ಮ ದೊಡ್ಡಿಯ ಮರಿಗಳೆಲ್ಲ ಕರಿಯನ ಮಕ್ಕಳು. ಚಿತ್ರದುರ್ಗದ ಪೇಟೆಯಲ್ಲಿ, ಹೊಳಲ್ಕೆರೆಯಲ್ಲಿ ಜಟಕಾ ಹೊಡೆಯುವವರು ಕರಿಯನ ಮಗ ಬೇಕು, ಮಗಳು ಬೇಕು ಎಂದು ಹೆಣ್ಣು ಕೇಳಲು ಬಂದವರ ಹಾಗೆ ಬಂದು ಕೂರುತ್ತಿದ್ದರು.

ಕುದುರೆಯ ಜೊತೆಗೆ ದೊರೆಯ ಕುದುರೆಯಾಳು ಒಂದು ಮಾತನ್ನೂ ಬಿಟ್ಟುಹೋಗಿದ್ದ. ದುಡಕಿಯ ಮರಿಗಳ ಎದುರಿಗೆ ಯಾರೂ ಓಡಬಾರದು, ಓಡುವುದನ್ನು ನೋಡಿದರೆ ಮರಿ ಓಡುವುದನ್ನೇ ಕಲಿಯುತ್ತದೆ ಎಂದು. ಅವನು ಅದನ್ನು ನಿಜವಾಗಿ ಹೇಳಿದನೋ, ಲಾಯದಲ್ಲಿ ಗದ್ದಲ ಮಾಡುತ್ತಿದ್ದ ನಮ್ಮಂಥ ಮಕ್ಕಳ ಕಾಟ ತಾಳದೆ ಹೇಳಿದನೋ ದೇವರಿಗೇ ಗೊತ್ತು. ತಾತ ಅದನ್ನು ಮನೆಯ ಕಾನೂನು ಮಾಡಿದರು. ಅವರ ನಂತರ ಅಪ್ಪ ಅದಕ್ಕೆ ಇನ್ನಷ್ಟು ಬಿಗಿ ಕೊಟ್ಟರು. ಬೇಲಿಯೊಳಗೆ ಮನುಷ್ಯ ಓಡಬಾರದು. ನಾಯಿ ಸಾಕಬಾರದು, ಏಕೆಂದರೆ ನಾಯಿಗೆ ಹೇಳಿದರೆ ತಿಳಿಯುವುದಿಲ್ಲ. ಕೋಳಿಗಳನ್ನು ಹಿತ್ತಲ ಗೋಡೆಯಾಚೆ ಸಾಗಹಾಕಿದರು. ನೆಂಟರು ಬಂದರೆ ಬಾಗಿಲಲ್ಲೇ ತಡೆದು, ನೀರು ಕೊಡುವ ಮೊದಲು, ಒಳಗೆ ನಡೆದು ಬರ್ರಿ ಎಂದು ತಾಕೀತು ಮಾಡುತ್ತಿದ್ದರು.

ಇದರಿಂದ ನಮ್ಮ ಮನೆಯವರಿಗೆಲ್ಲ ಒಂದು ವಿಚಿತ್ರ ನಡಿಗೆ ಬಂತು. ಮೊಣಕಾಲು ಬಗ್ಗಿಸದೆ, ಸೊಂಟದಿಂದ ಮೇಲೆ ಅಲುಗದೆ, ಕಾಲು ಮಾತ್ರ ಚಕಚಕನೆ ಆಡುವ ನಡಿಗೆ. ನಾವು ಮಕ್ಕಳು ಮುಟ್ಟಾಟವನ್ನೂ ಹೀಗೆಯೇ ಆಡುತ್ತಿದ್ದೆವು. ಹಿಡಿಯುವವನೂ ನಡೆಯುತ್ತಿದ್ದ, ತಪ್ಪಿಸಿಕೊಳ್ಳುವವನೂ ನಡೆಯುತ್ತಿದ್ದ. ಒಂದು ಆಟ ಮುಗಿಯಲು ಮಧ್ಯಾಹ್ನವೆಲ್ಲ ಬೇಕಾಗುತ್ತಿತ್ತು. ಜವನಗೊಂಡನಹಳ್ಳಿಯ ಶಾಲೆಯಲ್ಲಿ ನಾನು ಮೊದಲ ಸಲ ಓಡಲು ಹೋದಾಗ ಕೈಯೆಲ್ಲಿ ಕಾಲೆಲ್ಲಿ ತಿಳಿಯದೆ ಮೇಷ್ಟರ ಮೇಲೆಯೇ ಬಿದ್ದೆ. ಅವರು ಹೊಡೆಯಲಿಲ್ಲ. ನೀನು ಕುದುರೆ ಮನೆಯವನಲ್ಲವೇ ಎಂದು ಕೇಳಿ, ಆಟದ ಹೊತ್ತಿನಲ್ಲಿ ಎಲ್ಲರ ಅಂಗಿ ಕಾಯುವ ಕೆಲಸ ಕೊಟ್ಟರು. ಅಲ್ಲಿಂದ ಶಾಲೆ ಬಿಡುವವರೆಗೂ ನಾನು ಅಂಗಿ ಕಾದೆ.

ಒಂದು ಬೇಸಿಗೆಯಲ್ಲಿ ನಮ್ಮ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಇದನ್ನು ಹಿರಿಯೂರು ಸೀಮೆಯಲ್ಲಿ ಬಹಳ ಕಾಲ ಹೇಳಿಕೊಂಡು ನಕ್ಕರು. ಪಕ್ಕದ ಹೊಲದವರು ಹೊಗೆ ಕಂಡು ಬೇಲಿಯ ಹತ್ತಿರ ಬಂದು ನೋಡುತ್ತಾರೆ, ಬಣವೆ ಧಗಧಗ ಉರಿಯುತ್ತಿದೆ, ನಮ್ಮ ಮನೆಮಂದಿಯೆಲ್ಲ ಕೊಡ ಹೊತ್ತು ಬಾವಿಯಿಂದ ಬಣವೆಗೆ ಸಾಲಾಗಿ ನಡೆಯುತ್ತಿದ್ದೇವೆ. ಗೌರಿ ಪೂಜೆಗೆ ಗಂಗೆ ತರುವವರ ಹಾಗೆ. ಅವರು ಬೇಲಿ ಹಾರಿ ಬಂದರೆ ಅಪ್ಪ ಅಡ್ಡ ನಿಂತು, ನಡೀರಿ, ನಡೀರಿ ಎನ್ನುತ್ತಿದ್ದಾರೆ. ಅರ್ಧ ಬಣವೆ ಸುಟ್ಟುಹೋಯಿತು. ಆದರೆ ಒಂದು ಮರಿಯೂ ಕೆಡಲಿಲ್ಲ ಎಂದು ಅಪ್ಪ ಆ ದಿನ ನೆಮ್ಮದಿಯಿಂದ ಉಂಡರು.

ಚಂದ್ರಿ ಹುಟ್ಟಿದ್ದು ಅದಾದ ಮೇಲೆ. ಹಣೆಯಲ್ಲಿ ಬಿಳಿ ಚುಕ್ಕೆಯ ಹೆಣ್ಣುಮರಿ, ಕರಿಯನ ಇಳಿವಯಸ್ಸಿನ ಮಗಳು. ಹೆತ್ತ ತಾಯಿ ಅಂದೇ ಸತ್ತಿತು. ಅವ್ವ ಆ ಮರಿಯನ್ನು ಅಡುಗೆಮನೆಯ ಪಡಸಾಲೆಗೆ ತಂದು, ಆಡಿನ ಹಾಲಿನಲ್ಲಿ ಬಟ್ಟೆ ಅದ್ದಿ ಚೀಪಿಸಿ ಬದುಕಿಸಿದಳು. ನನಗೆ ಜ್ವರ ಬಂದಾಗಲೂ ಅಷ್ಟು ಸಲ ಎದ್ದು ನೋಡಿದವಳಲ್ಲ. ಇದನ್ನು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ಮರಿ ಅವಳ ಸೆರಗು ಕಚ್ಚಿಕೊಂಡು ಹಿಂದೆ ಹಿಂದೆ ತಿರುಗುತ್ತಿತ್ತು. ಅವ್ವ ಮುದ್ದೆ ತಿರುವಲು ಕೂತರೆ ಅದು ಹೊಸ್ತಿಲಲ್ಲಿ ತಲೆಯಿಟ್ಟು ಮಲಗುತ್ತಿತ್ತು. ದೊಡ್ಡದಾದ ಮೇಲೆ ಬಾಗಿಲು ಹಿಡಿಸದೆ ಹೊರಗುಳಿಯಿತೇ ಹೊರತು ತನ್ನ ಮನೆ ಲಾಯವೆಂದು ಅದು ಒಪ್ಪಲೇ ಇಲ್ಲ.

ಅದರ ದುಡಕಿಯನ್ನು ನಾನು ಹೇಗೆ ಹೇಳಲಿ? ಗಾಡಿಗೆ ಕಟ್ಟಿ ಲಗಾಮು ಸಡಿಲ ಬಿಟ್ಟರೆ ಸಾಕು, ನೆಲವೇ ಹಿಂದಕ್ಕೆ ಜಾರುತ್ತಿತ್ತು. ನನಗಾಗ ಇಪ್ಪತ್ತು ವರ್ಷ. ಅಪ್ಪನ ಮೈ ಭಾರವಾಗಿದ್ದರಿಂದ ಅದನ್ನು ಹೊಡೆಯುವ ಭಾಗ್ಯ ನನ್ನದಾಗಿತ್ತು. ಬೆಳಗ್ಗೆ ಯಲ್ಲದಕೆರೆ ದಾರಿಯಲ್ಲಿ ನಾವು ಹೋಗುವಾಗ ದಾರಿಯ ಮಕ್ಕಳು ಗಾಡಿಯ ಹಿಂದೆ ಓಡಿಯಾರೆಂದು ಅಪ್ಪ ಅದಕ್ಕೂ ಏರ್ಪಾಟು ಮಾಡಿದ್ದರು. ಗಾಡಿ ದಾಟುವವರೆಗೆ ಏರಿಯ ಮೇಲೆ ಕುಂತ ಮಕ್ಕಳಿಗೆ ಒಂದೊಂದು ಚೂರು ಬೆಲ್ಲ. ಆ ಕಡೆಯ ಮಕ್ಕಳಷ್ಟು ಶಿಸ್ತಿನವರನ್ನು ನಾನು ಮತ್ತೆಲ್ಲೂ ನೋಡಲಿಲ್ಲ. ಹೀಗೆ ಹುಟ್ಟಿದಂದಿನಿಂದ ಐದು ವರ್ಷ ಚಂದ್ರಿ ಒಬ್ಬ ಮನುಷ್ಯ ಓಡಿದ್ದನ್ನು ಕಣ್ಣಾರೆ ಕಾಣಲಿಲ್ಲ. ಇದು ನಮ್ಮ ದೊಡ್ಡ ಸಾಧನೆ ಎಂದು ಅಪ್ಪ ಬೀಗುತ್ತಿದ್ದರು. ನಾನೂ ಬೀಗಿದೆ.

ಆ ವರ್ಷದ ಹೊತ್ತಿಗೆ ಕರಿಯ ಮುದಿಯಾಗಿ ಹಲ್ಲು ಉದುರಿಸಿಕೊಂಡು ಕೂತಿದ್ದ. ದೊಡ್ಡಿಯಲ್ಲಿದ್ದ ಹೆಣ್ಣುಕುದುರೆಗಳೆಲ್ಲ ಅವನ ಮಕ್ಕಳೇ. ಹೊರಗಿನ ಗಂಡು ಬಾರದಿದ್ದರೆ ದೊಡ್ಡಿ ಅಲ್ಲಿಗೆ ಮುಗಿಯಿತು. ಒಳ್ಳೆಯ ದುಡಕಿಯ ಗಂಡು ಇದ್ದದ್ದು ಹೊಸದುರ್ಗದ ಸಾವ್ಕಾರ್ ಈರಪ್ಪನವರ ಹತ್ತಿರ ಒಂದೇ. ಅದರ ಹೆಸರು ಸರದಾರ. ಅಪ್ಪ ಕೇಳಿದರು, ಅವರು ಕೊಡಲಿಲ್ಲ. ಒಂದು ದಿನ ಇಬ್ಬರೂ ಚಿತ್ರದುರ್ಗದ ಪೇಟೆಯಲ್ಲಿ ಎದುರಾದರು. ಮಾತಿಗೆ ಮಾತು ಬೆಳೆಯಿತು. ನಿಮ್ಮ ಕುದುರೆಗಳು ಮದುವೆ ಮೆರವಣಿಗೆಗೆ ಲಾಯಕ್ಕು ಎಂದು ಸಾವ್ಕಾರರು ಅಂದರಂತೆ. ಅಪ್ಪ ಅಲ್ಲೇ ನಿಂತ ನಿಲುವಿನಲ್ಲಿ ಪಣ ಕಟ್ಟಿ ಬಂದರು. ಹಿರಿಯೂರಿನ ಸಂತೆ ದಿನ, ಊರ ಮುಂದಿನ ದೊಡ್ಡ ಹುಣಸೆಮರದ ಮೈಲಿಕಲ್ಲಿನವರೆಗೆ, ನಾಲ್ಕು ಮೈಲಿ ದುಡಕಿ. ಚಂದ್ರಿ ಗೆದ್ದರೆ ಸರದಾರ ಒಂದು ಹಂಗಾಮು ನಮ್ಮ ದೊಡ್ಡಿಯಲ್ಲಿ ಇರಬೇಕು. ಸೋತರೆ ಚಂದ್ರಿ ಹೊಸದುರ್ಗಕ್ಕೆ, ಮತ್ತೆ ಬರುವ ಮಾತಿಲ್ಲ.

ಮನೆಗೆ ಬಂದು ಅಪ್ಪ ಇದನ್ನು ಹುರುಪಿನಿಂದ ಹೇಳಿದರು. ಅವ್ವ ಬೀಸುವುದನ್ನು ನಿಲ್ಲಿಸಿದಳು.

“ನನ್ನ ಕೇಳಿದ್ರಾ?” ಎಂದಳು.

ಅಷ್ಟೇ. ಅಂದಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಊಟಕ್ಕೆ ಬಡಿಸುತ್ತಿದ್ದಳು, ಹಾಸಿಗೆ ಹಾಸುತ್ತಿದ್ದಳು, ಬೇಕಾದ್ದನ್ನು ನನ್ನ ಮೂಲಕವೋ ಕುದುರೆಯ ಮೂಲಕವೋ ಹೇಳುತ್ತಿದ್ದಳು. ‘ಚಂದ್ರೀ, ಉಪ್ಪು ಮುಗ್ದೈತೆ ಅಂತ ಹೇಳೇ’ ಎನ್ನುತ್ತಿದ್ದಳು, ಅಪ್ಪ ಮರುಮಾತಿಲ್ಲದೆ ಉಪ್ಪು ತರುತ್ತಿದ್ದರು. ಪಂದ್ಯದ ದಿನ ಬೆಳಿಗ್ಗೆ ನಾನು ಕಾಲಿಗೆ ಬಿದ್ದಾಗ ಹಣೆಗೆ ವಿಭೂತಿ ಹಚ್ಚಿ, ನಾನು ಬರಲ್ಲ, ನೋಡಾಕಾಗಲ್ಲ ಎಂದಳು. ಆಮೇಲೆ ಚಂದ್ರಿಯ ಹಣೆಗೂ ಹಚ್ಚಿದಳು. ಅದಕ್ಕೆ ಇನ್ನಷ್ಟು ಹೆಚ್ಚು ಹೊತ್ತು ಹಚ್ಚಿದಳು.

ಪಂದ್ಯದ ನಿಯಮ ನಿಮಗೆ ತಿಳಿದಿರಬೇಕು. ಕುದುರೆ ನಾಗಾಲೋಟಕ್ಕೆ ಬಿದ್ದರೆ ಗಾಡಿಯನ್ನು ಅಲ್ಲೇ ಒಂದು ಸುತ್ತು ಪೂರಾ ತಿರುಗಿಸಿ ಮತ್ತೆ ಹೊರಡಬೇಕು. ಎರಡನೆಯ ಸಲ ಬಿದ್ದರೆ ಸೋತಂತೆಯೇ. ಮೋಸವಾಗದಿರಲೆಂದು ನಮ್ಮ ಕಡೆಯ ಆಳು ಅವರ ಗಾಡಿಯಲ್ಲಿ, ಅವರ ಕಡೆಯ ಗುಮಾಸ್ತೆ ತಿಪ್ಪಣ್ಣ ನನ್ನ ಗಾಡಿಯಲ್ಲಿ. ತಿಪ್ಪಣ್ಣ ಬಹಳ ನಿಷ್ಠಾವಂತ. ಹತ್ತಿ ಕೂತ ಕ್ಷಣದಿಂದ ಗೊರಸು ಬಿಟ್ಟು ಬೇರೇನನ್ನೂ ನೋಡಲಿಲ್ಲ. ನಾನು ಹೊಸ ರುಮಾಲು ಸುತ್ತಿದ್ದೆ, ಅದನ್ನು ಅವನಾದರೂ ನೋಡಲಿ ಎಂದು ಎರಡು ಸಲ ಸರಿಮಾಡಿಕೊಂಡೆ. ಪ್ರಯೋಜನವಾಗಲಿಲ್ಲ.

ಹೊರಟೆವು. ಅಯ್ಯಾ, ಆ ಹೊರಡುವಿಕೆ! ಈಗ ನೆನೆದರೂ ಕೈಬೆರಳು ಬಿಗಿಯುತ್ತವೆ. ಮೊದಲ ಮೈಲಿ ಎರಡೂ ಗಾಡಿಗಳು ಸರಿಸಮ. ಎಂಟು ಗೊರಸುಗಳು ಒಂದೇ ತಾಳಕ್ಕೆ ಬೀಳುತ್ತಿದ್ದವು. ಎರಡನೆಯ ಮೈಲಿಕಲ್ಲಿನ ಹತ್ತಿರ ನಾನು ಚಂದ್ರಿಯನ್ನು ಒಂದು ಮಾತು ಕೇಳಿದೆ, ಬರೀ ನಾಲಿಗೆಯಿಂದ ಲೊಚಗುಟ್ಟಿದೆ, ಅದು ಕತ್ತು ತುಸು ತಗ್ಗಿಸಿ ಸರದಾರನನ್ನು ದಾಟಿತು. ಮೂರನೆಯ ಕಲ್ಲಿನಲ್ಲಿ ನಾವು ನಾಲ್ಕು ಗಾಡಿಯಷ್ಟು ಮುಂದೆ. ಗಾಳಿ ಕಿವಿಯಲ್ಲಿ ಹಾಡುತ್ತಿತ್ತು. ನಾನು ಗೆದ್ದೇಬಿಟ್ಟೆನೆಂದುಕೊಂಡು, ಸಾವ್ಕಾರರಿಗೆ ಹೇಳಬೇಕಾದ ವಿನಯದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಲು ಶುರುಮಾಡಿದೆ.

ಆಗ ಊರು ಹತ್ತಿರ ಬಂತು. ಸಂತೆಯ ಜನ ದಾರಿಯ ಎರಡೂ ಬದಿ ತುಂಬಿದ್ದರು. ನಮ್ಮ ಗಾಡಿ ಕಂಡದ್ದೇ ತಡ, ಹೋ ಎಂದು ಕೂಗುತ್ತ, ಪಂಚೆ ಎತ್ತಿ ಕಟ್ಟಿ, ನಮ್ಮ ಜೊತೆಜೊತೆಗೇ ಓಡಲು ತೊಡಗಿದರು. ಎಲ್ಲಿಯಾದರೂ ಪಂದ್ಯ ನಡೆದರೆ ಜನ ಮಾಡುವುದು ಇದನ್ನೇ. ಇದು ಲೋಕಕ್ಕೆಲ್ಲ ಗೊತ್ತು. ನಮಗೆ ಮಾತ್ರ ಹೊಳೆದಿರಲಿಲ್ಲ.

ಚಂದ್ರಿಯ ಕಿವಿ ನೆಟ್ಟಗಾಯಿತು. ಮನುಷ್ಯರು ಹೀಗೂ ಹೋಗುತ್ತಾರೆಯೇ ಎಂದು ಅದು ಬೆರಗಾದದ್ದು ಲಗಾಮಿನಲ್ಲಿ ನನಗೆ ತಿಳಿಯಿತು. ಮರುಕ್ಷಣವೇ ಎರಡು ಮುಂಗಾಲೂ ಒಟ್ಟಿಗೆ ಎದ್ದವು. ತಾಳ ಒಡೆದುಹೋಯಿತು.

“ನಾಗಾಲೋಟ ಐತಪ್ಪ ಇದು,” ಎಂದ ತಿಪ್ಪಣ್ಣ ತಣ್ಣಗೆ. “ಸುತ್ತು ಹಾಕು.”

ಹಾಕಿದೆ. ಆ ಜನಜಂಗುಳಿಯಲ್ಲಿ ಗಾಡಿ ಒಂದು ಸುತ್ತು ತಿರುಗಿಸುವಷ್ಟರಲ್ಲಿ ಸರದಾರ ನಮ್ಮನ್ನು ದಾಟಿ ಹೋಯಿತು. ನಾನು ಮತ್ತೆ ಹೊರಟೆ. ಜನರೂ ಮತ್ತೆ ಓಡಿದರು, ಈ ಸಲ ನನ್ನ ಮೇಲಿನ ಕನಿಕರದಿಂದ ಇನ್ನೂ ಜೋರಾಗಿ. ಓಡಬೇಡಿ ಎಂದು ನಾನು ಕೂಗಿದ್ದು ಓಡಿ ಎಂದಂತೆ ಕೇಳಿಸಿತೋ ಏನೋ. ಚಂದ್ರಿಯ ಬೆನ್ನು ಬಿಲ್ಲಾಗತೊಡಗಿತು. ಇನ್ನೊಂದು ಸಲ ತಾಳ ತಪ್ಪಿದರೆ ಅದು ನಮ್ಮದಲ್ಲ. ತಿಪ್ಪಣ್ಣ ಗಾಡಿಯಿಂದ ಅರ್ಧ ಹೊರಗೆ ಬಾಗಿದ್ದ, ಅವನ ರುಮಾಲು ಬಿದ್ದು ದಾರಿಯಲ್ಲಿ ಉರುಳಿಹೋಯಿತು, ಅವನು ತಿರುಗಿಯೂ ನೋಡಲಿಲ್ಲ. ನನಗೆ ಅಳು ಬಂದಿತ್ತು. ಇಪ್ಪತ್ತು ವರ್ಷದ ಗಂಡಸು, ಮೀಸೆ ಬೇರೆ ಬಿಟ್ಟಿದ್ದೆ, ಹೇಳಿಕೊಳ್ಳಲು ನಾಚಿಕೆ, ಆದರೂ ಅಳು ಬಂದಿತ್ತು.

ಆಗ ಆ ಗದ್ದಲದ ನಡುವೆ ಒಂದು ದನಿ ಕೇಳಿತು. “ಚಂದ್ರೀ, ಬಾರೇ, ಬಾರೇ.” ಹುರುಳಿ ಹಾಕುವಾಗ ಕರೆಯುವ ದನಿ. ಕುದುರೆಯ ಒಂದು ಕಿವಿ ಅತ್ತ ಹೊರಳಿತು. ನಾನೂ ನೋಡಿದೆ. ಒಂದು ಎತ್ತಿನ ಗಾಡಿಯ ಪಕ್ಕದಲ್ಲಿ ಅವ್ವ. ಬರುವುದಿಲ್ಲವೆಂದವಳು, ಕಳಿಸಿಕೊಡುವುದೇ ಆದರೆ ಕೈಯಾರೆ ಬೆಲ್ಲ ತಿನ್ನಿಸಿ ಕಳಿಸುತ್ತೇನೆಂದು ಯಾರದೋ ಗಾಡಿ ಹತ್ತಿ ಬಂದಿದ್ದಳು. ಅವಳಿಗೆ ಏನು ನಡೆಯುತ್ತಿದೆಯೆಂದು ಒಂದೇ ನೋಟಕ್ಕೆ ತಿಳಿದಿರಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಓಡಿದಳು.

ನನ್ನ ಅವ್ವ ಓಡಿದ್ದನ್ನು ನಾನು ಅಂದು ಮೊದಲು ನೋಡಿದೆ. ಅಂದವಾಗಿ ಓಡಿದಳೆಂದು ಹೇಳಲಾರೆ. ಮದುವೆಯಾಗಿ ಬಂದ ಮೇಲೆ ಓಡದ ಕಾಲು ಅವು, ಒಂದು ಈ ಕಡೆ ಹೋಗುತ್ತಿತ್ತು, ಒಂದು ಆ ಕಡೆ. ತುರುಬು ಬಿಚ್ಚಿ ಬೆನ್ನ ಮೇಲೆ ಬಿತ್ತು. ಇಡೀ ಹಿರಿಯೂರಿನ ಎದುರಿಗೆ, ಗಂಡಸರ ಗುಂಪಿನ ಮಧ್ಯೆ, ಕುದುರೆಯ ತಲೆಗೆ ಸಮನಾಗಿ, ಬಾರೇ ಬಾರೇ ಎನ್ನುತ್ತ ಅವಳು ಓಡಿದಳು. ಚಂದ್ರಿ ಅವಳನ್ನೇ ನೋಡಿತು. ಅವ್ವ ಮಾಡಿದ್ದರಲ್ಲಿ ಹೆದರುವಂಥದ್ದು ಏನಿದ್ದೀತು? ಅವಳು ಕೊಡ ಹೊರುತ್ತಾಳೆ, ಕಸ ಗುಡಿಸುತ್ತಾಳೆ, ಈಗ ಓಡುತ್ತಿದ್ದಾಳೆ. ಹಾಗಾದರೆ ಉಳಿದವರೂ ಓಡಿಕೊಳ್ಳಲಿ. ಅದರ ಕಿವಿ ಸಡಿಲಾಯಿತು, ಬೆನ್ನು ನೆಟ್ಟಗಾಯಿತು, ಗೊರಸು ತಾಳಕ್ಕೆ ಬಂತು. ಮೂವತ್ತು ಹೆಜ್ಜೆ ಓಡಿದ್ದಳೋ ಏನೋ, ಅವ್ವ ಹಿಂದೆ ಉಳಿದಳು. ಅಷ್ಟು ಸಾಕಾಗಿತ್ತು.

“ದುಡಕಿ ಐತೆ,” ಎಂದ ತಿಪ್ಪಣ್ಣ. “ದುಡಕಿನೇ ಐತೆ, ಹೊಡಿ.”

ಹುಣಸೆಮರ ಕಾಣುತ್ತಿತ್ತು. ಸರದಾರ ಮುಂದಿತ್ತು, ಆದರೆ ಅಂತರ ಕರಗುತ್ತಿತ್ತು. ಆರು ಗಾಡಿ, ಮೂರು ಗಾಡಿ, ಒಂದು. ನಮ್ಮ ಸದ್ದು ಕೇಳಿ ಆ ಗಾಡಿಯವನು ಹಿಂತಿರುಗಿ ನೋಡಿದ. ನೋಡಿ ಗಾಬರಿಯಾಗಿ ಚಾವಟಿ ಎತ್ತಿದ. ಒಂದೇ ಒಂದು ಏಟು. ಸರದಾರ ನೆಗೆದು ನಾಗಾಲೋಟಕ್ಕೆ ಬಿತ್ತು. ನಮ್ಮ ಆಳು ಆ ಗಾಡಿಯಲ್ಲಿ ಎದ್ದುನಿಂತು ಸುತ್ತು ಸುತ್ತು ಎಂದು ಕೂಗುತ್ತಿದ್ದಂತೆ, ಅವರು ತಿರುಗಲು ಗಾಡಿ ಹೊರಳಿಸುತ್ತಿದ್ದಂತೆ, ನಾವು ಪಕ್ಕದಲ್ಲಿ ಹಾದು ಕಲ್ಲು ದಾಟಿದೆವು. ನಾವು ಗೆದ್ದೆವೆನ್ನುವುದಕ್ಕಿಂತ ಅವರು ಸೋತರೆನ್ನುವುದು ಸರಿ. ಆದರೆ ಆ ಹೊತ್ತಿನಲ್ಲಿ ಇಂಥ ವ್ಯತ್ಯಾಸವನ್ನೆಲ್ಲ ಯಾರು ನೋಡುತ್ತಾರೆ? ನಾನು ಗಾಡಿಯಿಂದ ಇಳಿದು ತಿಪ್ಪಣ್ಣನನ್ನೇ ತಬ್ಬಿಕೊಂಡೆ. ಅವನೂ ಬಿಡಿಸಿಕೊಳ್ಳಲಿಲ್ಲ.

ಸಾವ್ಕಾರ್ ಈರಪ್ಪನವರು ದೊಡ್ಡ ಮನುಷ್ಯರು. ಮುಖ ಸಣ್ಣದು ಮಾಡಿಕೊಳ್ಳದೆ ಬಂದು ಚಂದ್ರಿಯ ಕತ್ತು ತಟ್ಟಿದರು, ಸರದಾರನನ್ನು ಸೋಮವಾರ ಕಳಿಸುತ್ತೇನೆ ಎಂದರು. ಆಮೇಲೆ, ಕಲ್ಲಿನ ಹತ್ತಿರ ಕಾದು ನಿಂತಿದ್ದ ಅಪ್ಪನ ಕಡೆ ತಿರುಗಿ, ಓಡಿ ಬಂದ ಆ ತಾಯಿ ಯಾರು ಎಂದು ಕೇಳಿದರು. ಓಡುವುದನ್ನು ಹುಟ್ಟಡಗಿಸಲು ಇಡೀ ಆಯುಷ್ಯ ಹೆಣಗಿದ ಮನುಷ್ಯ ಅವರು. ದೂರದಲ್ಲಿ ಅವ್ವ ತುರುಬು ಕಟ್ಟಿಕೊಳ್ಳುತ್ತ, ಏದುಸಿರು ಬಿಡುತ್ತ ಬರುತ್ತಿದ್ದಳು.

“ನಮ್ಮನೇರು,” ಎಂದರು ಅಪ್ಪ. ಅವರ ಕಣ್ಣು ಒದ್ದೆಯಾಗಿತ್ತು.

ಮನೆಗೆ ಬಂದು ಚಂದ್ರಿಗೆ ಮೈ ಒರೆಸಿ ನೀರು ತೋರಿಸಿ ಆದ ಮೇಲೆ ಅವ್ವ ಒಂದು ತಿಂಗಳ ಮೌನ ಮುರಿದಳು. ನಾವೆಲ್ಲ ಅಲ್ಲೇ ಇದ್ದೆವು.

“ಇನ್ ಮ್ಯಾಲೆ ನನ್ನ ಕೇಳ್ದೆ ಈ ಮನೆ ಜೀವಗಳ ಮ್ಯಾಲೆ ಪಣ ಕಟ್ಟಬ್ಯಾಡ್ರಿ,” ಎಂದಳು. ಅಪ್ಪ ತಲೆ ಅಲ್ಲಾಡಿಸಿದರು. “ಇನ್ನೊಂದು. ನಾಳೆಯಿಂದ ಈ ದೊಡ್ಡ್ಯಾಗೆ ಎಲ್ರೂ ಓಡ್ಲಿ. ಮರಿಗಳು ನೋಡ್ಲಿ. ನೋಡಿ ನೋಡಿ ಬ್ಯಾಸರ ಆಗ್ಬೇಕು ಅವಕ್ಕೆ.”

ಅಪ್ಪ ತಾತ ಕೂರುತ್ತಿದ್ದ ಜಗಲಿಯ ಕಡೆ ನೋಡಿದರು. ತಾತನ ಕಾನೂನು ಅದು. ಕೊನೆಗೆ, ಆಗಲಿ ಎಂದರು.

ಮರುದಿನ ಬೆಳಿಗ್ಗೆ ಮರಿಗಳನ್ನೆಲ್ಲ ಬಯಲಿಗೆ ಬಿಟ್ಟು ನಾವು ಬೇಲಿಯ ಹತ್ತಿರ ನಿಂತೆವು. ಓಡಬಹುದು ಎಂದು ಅಪ್ಪ ಅಪ್ಪಣೆ ಕೊಟ್ಟರು. ಯಾರೂ ಓಡಲಿಲ್ಲ. ನಾನು ನಾಲ್ಕು ಹೆಜ್ಜೆ ಪ್ರಯತ್ನಿಸಿದೆ, ಕಾಲು ತಾನಾಗಿ ನಡಿಗೆಗೆ ಇಳಿಯಿತು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಹೀಗೆಯೇ ಒಂದಷ್ಟು ಹೊತ್ತಾದ ಮೇಲೆ ಅವ್ವ ಅಪ್ಪನ ಕಡೆ ತಿರುಗಿ ನೋಡಿದಳು. ಅಪ್ಪ ರುಮಾಲು ಬಿಚ್ಚಿ ನನ್ನ ಕೈಗೆ ಕೊಟ್ಟರು. ಚಪ್ಪಲಿ ಬಿಟ್ಟರು. ಪಂಚೆಯನ್ನು ಕಚ್ಚೆ ಹಾಕಿ ಬಿಗಿದರು. ಐವತ್ತು ದಾಟಿದ, ಬೊಜ್ಜು ಬಂದ, ಊರಲ್ಲೆಲ್ಲ ಗತ್ತಿನ ಮನುಷ್ಯನೆನಿಸಿಕೊಂಡ ನನ್ನ ಅಪ್ಪ ಹೊಟ್ಟೆ ಕುಲುಕಿಸಿಕೊಂಡು ಆ ಬಯಲಿನ ಸುತ್ತ ಓಡಿದರು. ಮರಿಗಳು ಮೊದಲು ಬೆದರಿ ಚೆದುರಿದವು, ಆಮೇಲೆ ನಿಂತು ನೋಡಿದವು, ಆಮೇಲೆ ಎರಡು ಮೂರು ಅವರ ಹಿಂದೆಯೇ ದುಡಕಿಯಲ್ಲಿ ಹೊರಟವು. ಸುತ್ತು ಮುಗಿಸಿ ಅಪ್ಪ ನಮ್ಮೆದುರು ಬಂದು, ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನಿಂತರು. ಮುಖ ಕೆಂಪಾಗಿತ್ತು, ಮಾತು ಹೊರಡುತ್ತಿರಲಿಲ್ಲ.

ಅವ್ವ ಸೆರಗಿನಿಂದ ಅವರ ಬೆವರು ಒರೆಸಿದಳು.

“ಇನ್ನೊಂದ್ ಸುತ್ತು,” ಎಂದಳು.

ಅಪ್ಪ ಅವಳನ್ನೊಮ್ಮೆ ನೋಡಿ, ನಕ್ಕು, ಮತ್ತೆ ಓಡಿದರು.